ನಾದವು ಬಾಳನ್ನು ತಿದ್ದಬಲ್ಲುದೆ?

ಸಂಗೀತವು ಮನುಷ್ಯನನ್ನು ಉತ್ತಮನನ್ನಾಗಿ ಮಾಡುವುದೆಂಬ ಮಾತು ಲೋಕದಲ್ಲಿ ರೂಢವಾಗಿದೆ. ತಾಯಿಯ ಜೋಗುಳದಿಂದ ತೊಡಗಿ ಅಂತ್ಯಯಾತ್ರೆಯ ವಿಮಾನದ ಮುಂದೆ ಸಾಗುವ ಭಜನೆಯವರೆಗೂ ನಾದವು ಮನುಷ್ಯನ ಬೆನ್ನಿಗಿರುತ್ತದೆ. ಅಳುವ ಕೂಸು ಹಾಡಿಗೆ ಸುಮ್ಮನಾಗುವುದನ್ನೂ, ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳು ಹಾಡಿನಿಂದ ತೋಳಿನ ದಣಿವನ್ನು ಮರೆಯುತ್ತಿದ್ದುದನ್ನೂ ಬಲ್ಲವರಿಗೆ ನಾದದ ಶಕ್ತಿಯನ್ನು ಕುರಿತು ಸಂಶಯವಿರದು. ಆದರೆ ಮನಸ್ಸನ್ನು ಅರೆಗಳಿಗೆ ತಣಿಸುವುದು ಬೇರೆ, ಬಾಳನ್ನು ತಿದ್ದುವುದು ಬೇರೆ. ಹಾಡು ಕೇಳಿ ಕಣ್ಣೀರು ಸುರಿಸಿದವನು ಮನೆಗೆ ಬಂದು ಆಳಿನ ಕೂಲಿಯನ್ನು ಹಿಡಿದಿಟ್ಟುಕೊಂಡರೆ ಆ ಕಣ್ಣೀರಿಗೆ ಬೆಲೆಯೇನು? ಆದುದರಿಂದ ನಾದವು ತಾನಾಗಿಯೇ ಮನುಷ್ಯನನ್ನು ತಿದ್ದುವುದೋ, ಅಥವಾ ತಿದ್ದಿಕೊಳ್ಳಲು ಮನಸ್ಸುಮಾಡಿದವನಿಗೆ ಮಾತ್ರ ಅದು ನೆರವಾಗುವುದೋ ಎಂಬುದು ವಿಚಾರಣೀಯವಾದ ಪ್ರಶ್ನೆ.

ಸಂಸ್ಕೃತ ವಾಙ್ಮಯದಲ್ಲಿ ಸಂಗೀತಕ್ಕೆ ದೊರೆತಿರುವ ಸ್ಥಾನವು ಬಹು ಉನ್ನತವಾದುದು. ವೀಣಾವಾದನದ ತತ್ತ್ವವನ್ನು ಅರಿತು, ಶ್ರುತಿ ಜಾತಿಗಳಲ್ಲಿ ಪರಿಣತನಾಗಿ, ತಾಳವನ್ನು ಬಲ್ಲವನು ಆಯಾಸವಿಲ್ಲದೆ ಮೋಕ್ಷಮಾರ್ಗವನ್ನು ಹಿಡಿಯುವನೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಸಾಹಿತ್ಯ ಸಂಗೀತಗಳ ಸಂಸ್ಕಾರವಿಲ್ಲದವನನ್ನು ಭರ್ತೃಹರಿಯು ಬಾಲ ಕೋಡುಗಳಿಲ್ಲದ ಪಶುವೆಂದು ಕರೆದಿದ್ದಾನೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಜಗತ್ತೇ ನಾದಾಧೀನವೆಂದು ಸಾರಿದ್ದಾನೆ. ಇವರೆಲ್ಲರೂ ಪೂಜ್ಯರೇ. ಆದರೂ ಶರಣರು ಈ ಮಾತನ್ನು ಹಾಗೆಯೇ ಒಪ್ಪಿಕೊಳ್ಳಲಿಲ್ಲವೆಂಬುದು ಗಮನಾರ್ಹವಾಗಿದೆ.

ಬಸವಣ್ಣನವರ ಮೂರು ವಚನಗಳನ್ನು ಒತ್ತಟ್ಟಿಗಿಟ್ಟು ನೋಡಿದರೆ ಈ ಪ್ರಶ್ನೆಯ ಆಳವು ತಿಳಿದುಬರುತ್ತದೆ. ಒಂದರಲ್ಲಿ ಅವರು ಶಿವನು ನಾದಕ್ಕೆ ಒಲಿಯುವವನೆಂಬ ನಂಬಿಕೆಯನ್ನೇ ಅಲ್ಲಗಳೆಯುತ್ತಾರೆ. ರಾವಣನ ಗಾನವು ಅವನನ್ನು ಕಾಯಲಿಲ್ಲ, ಬ್ರಹ್ಮನ ವೇದವು ಅವನನ್ನು ಕಾಯಲಿಲ್ಲ. ಭಕ್ತಿಯೊಂದೇ ಶಿವನಿಗೆ ಪ್ರಿಯವಾದುದೆಂಬುದು ಅಲ್ಲಿಯ ಇಂಗಿತ. ಇನ್ನೊಂದರಲ್ಲಿ ತಮಗೆ ತಾಳ ಲಯಗಳೊಂದೂ ತಿಳಿಯವೆಂದೂ, ಒಲಿದಂತೆ ಹಾಡುವೆನೆಂದೂ ನಿವೇದಿಸಿಕೊಳ್ಳುತ್ತಾರೆ. ಮೂರನೆಯದರಲ್ಲಾದರೋ ತಮ್ಮ ದೇಹವನ್ನೇ ವೀಣೆಯನ್ನಾಗಿ ಮಾಡಿ ನುಡಿಸೆಂದು ದೇವನನ್ನು ಬೇಡುತ್ತಾರೆ. ಮೇಲುನೋಟಕ್ಕೆ ಇವು ಒಂದಕ್ಕೊಂದು ವಿರುದ್ಧವಾದಂತೆ ತೋರುತ್ತವೆ. ನಾದವು ಶಿವನಿಗೆ ಪ್ರಿಯವಲ್ಲವಾದರೆ ದೇಹವು ವೀಣೆಯಾಗಬೇಕೆಂಬ ಹಂಬಲವೇಕೆ? ಈ ತೊಡಕನ್ನು ಬಿಡಿಸಲು ಶಾಸ್ತ್ರಚರ್ಚೆಗಿಂತ ಬಾಳಿದವರ ಬಾಳೇ ಹೆಚ್ಚು ನೆರವಾಗುವುದು.

ಕಲ್ಯಾಣದ ಶರಣರಲ್ಲಿ ಕಿನ್ನರಿ ಬ್ರಹ್ಮಯ್ಯನೆಂಬವನಿದ್ದನು. ಅವನು ಅಕ್ಕಸಾಲೆಯ ಕಾಯಕವನ್ನು ತೊರೆದು ಕಲ್ಯಾಣಕ್ಕೆ ಬಂದು, ತ್ರಿಪುರಾಂತಕೇಶ್ವರನ ಸನ್ನಿಧಿಯಲ್ಲಿ ಕಿನ್ನರಿಯನ್ನು ನುಡಿಸಿ, ಅದರಿಂದ ದೊರೆತ ಹೊನ್ನನ್ನು ಜಂಗಮ ದಾಸೋಹಕ್ಕೆ ಸಲ್ಲಿಸುತ್ತಿದ್ದನೆಂದು ಶರಣಚರಿತೆಗಳು ಹೇಳುತ್ತವೆ. ಇಲ್ಲಿ ಎರಡು ಅಂಶಗಳನ್ನು ಲಕ್ಷಿಸಬೇಕು. ಕಿನ್ನರಿಯ ನುಡಿಸಾಣಿಕೆಯು ಅವನಿಗೆ ವಿಲಾಸವಾಗಿರದೆ ಕಾಯಕವಾಗಿದ್ದಿತು. ಅದರ ಫಲವು ಅವನ ಪೆಟ್ಟಿಗೆಯಲ್ಲಿ ನಿಲ್ಲದೆ ದಾಸೋಹವಾಗಿ ಹರಿಯಿತು. ಅವನ ವಾದ್ಯವು ಅವನ ಹೆಸರಿಗೇ ಅಂಟಿಕೊಂಡಿತಾದರೂ, ಲೋಕವು ಅವನನ್ನು ನೆನೆಯುವುದು ಶರಣನೆಂದೇ ಹೊರತು ವಾದಕನೆಂದಲ್ಲ.

ಇದು ಪುರಾಣದ ಮಾತಾಯಿತೆನ್ನುವವರು ಹತ್ತಿರದ ಕಾಲಕ್ಕೆ ಬರಬಹುದು. 1892ರಲ್ಲಿ ಹಾನಗಲ್ಲು ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಗದಿಗೆಯ್ಯನೆಂಬ ಹುಟ್ಟುಕುರುಡ ಬಾಲಕನು ಜನಿಸಿದನು. ಆ ಕಾಲದಲ್ಲಿ ಬಡಮನೆಯ ಕುರುಡು ಮಗುವಿನ ಮುಂದೆ ಇದ್ದ ದಾರಿ ಯಾವುದು? ಬಂಧುಗಳ ಮರುಕದ ಅನ್ನ, ಇಲ್ಲವೆ ಗುಡಿಯ ಮೆಟ್ಟಿಲಿನ ಭಿಕ್ಷೆ. ಹಾನಗಲ್ಲ ಕುಮಾರ ಮಹಾಸ್ವಾಮಿಗಳು ಆ ಬಾಲಕನ ಕಂಠವನ್ನೂ ಜಾಣ್ಮೆಯನ್ನೂ ಗುರುತಿಸಿ ಸಂಗೀತ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಆತನೇ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಉಭಯಗಾನ ವಿಶಾರದರೆನಿಸಿದ ಪಂಚಾಕ್ಷರ ಗವಾಯಿಗಳು.

ಇಷ್ಟಕ್ಕೇ ನಿಂತಿದ್ದರೆ ಒಬ್ಬ ಕುರುಡ ಬಾಲಕನು ಕೀರ್ತಿಶಾಲಿಯಾದ ಕಥೆ ಇದಾಗುತ್ತಿತ್ತು. ಗುರುಗಳು ಅವರಿಗೆ ವಿದ್ಯೆಯ ಜೊತೆಗೆ ಒಂದು ಹೊಣೆಯನ್ನೂ ಕೊಟ್ಟರು. ತನ್ನಂಥವರಿಗೆ ದಾರಿ ತೋರಿಸುವ ಹೊಣೆ ಅದು. ಗವಾಯಿಗಳು ಬ್ರಹ್ಮಚರ್ಯದಲ್ಲಿದ್ದು, ಅಂಧರನ್ನೂ ಅನಾಥರನ್ನೂ ಜಾತಿಭೇದವಿಲ್ಲದೆ ಕೂಡಿಸಿಕೊಂಡು, ಊರಿಂದೂರಿಗೆ ಸಂಚರಿಸುತ್ತ ಪಾಠ ಹೇಳಿದರು. ಮರಗಳ ನೆರಳು, ಗುಡಿಗಳ ಅಂಗಳ, ಮಠಗಳ ಪಡಸಾಲೆಗಳೇ ಅವರ ಪಾಠಶಾಲೆಗಳಾದುವು. ಮುಂದೆ ಆ ಸಂಚಾರಿ ಶಾಲೆಯೇ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆನಿಂತಿತು. 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ನಡೆದಾಗ, ಅವರ ಶಿಷ್ಯರಾದ ಬಸವರಾಜ ರಾಜಗುರುಗಳು ಮೊದಲ ಬಾರಿಗೆ ಮಹಾಸಭೆಯ ಮುಂದೆ ಹಾಡಿದರು. ಅವರಿಗೆ ತಬಲಾ ಸಾಥಿಗೆ ಕುಳಿತವರು ಸ್ವತಃ ಗುರುಗಳೇ! ಸಭೆಯ ಕಣ್ಣು ಶಿಷ್ಯನ ಮೇಲಿರಲೆಂದು ಗುರುವು ಪಕ್ಕಕ್ಕೆ ಸರಿದು ಕುಳಿತ ಆ ದೃಶ್ಯದಲ್ಲಿ ನಾದಕ್ಕಿಂತಲೂ ಮಿಗಿಲಾದುದೊಂದು ಇದೆ. ಅದನ್ನು ಯಾವ ಲಕ್ಷಣಗ್ರಂಥವೂ ಕಲಿಸಲಾರದು.

1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಭಾರವು ಪುಟ್ಟರಾಜ ಗವಾಯಿಗಳ ಹೆಗಲಿಗೇರಿತು. ಆಗ ಅವರಿಗೆ ಮೂವತ್ತು ವರ್ಷ. ಅವರೂ ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವರು, ತಂದೆಯನ್ನು ಕಳೆದುಕೊಂಡವರು. ನೂರಾರು ಮಕ್ಕಳ ಹಸಿವು ರಾಗವನ್ನು ಕೇಳಿ ತಣಿಯುವಂಥದಲ್ಲ. ಅದಕ್ಕೆ ಜೋಳವೇ ಬೇಕು. ಅದಕ್ಕಾಗಿ ಅವರು ನಾಟಕಗಳನ್ನು ಬರೆದರು, ಆಡಿಸಿದರು, ಊರೂರು ಅಲೆದರು. ಭಕ್ತರು ತುಲಾಭಾರ ಮಾಡಿ ಸಲ್ಲಿಸಿದ ಕಾಣಿಕೆಯೂ ಆಶ್ರಮದ ಉಗ್ರಾಣವನ್ನೇ ಸೇರಿತು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು. ಅರುವತ್ತಾರು ವರ್ಷಗಳ ಆ ಸೇವೆಯಿಂದ ಎಷ್ಟೋ ಮಕ್ಕಳು ಭಿಕ್ಷೆಗೆ ಚಾಚಬೇಕಾಗಿದ್ದ ಕೈಯನ್ನು ಹಾರ್ಮೋನಿಯಂ ಮೇಲೆ, ತಬಲಾದ ಮೇಲೆ ಇಟ್ಟು ತಲೆಯೆತ್ತಿ ಬಾಳಿದರು. ಬೇಡುವ ಕೈಯು ದುಡಿಯುವ ಕೈಯಾಗುವುದು, ದುಡಿಯುವ ಕೈಯು ನೀಡುವ ಕೈಯಾಗುವುದು: ಶರಣರು ಕಾಯಕ ದಾಸೋಹಗಳೆಂದು ಕರೆದುದು ಇದನ್ನೇ.

ಧಾರವಾಡದ ಬಳಿಯ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರ ಬಾಳು ಇನ್ನೊಂದು ಬಗೆಯದು. ಬಾಲ್ಯದಲ್ಲಿ ನಾಟಕ ಕಂಪನಿಯ ಹುಡುಗರಾಗಿ ಹಾಡಿದವರು, ನೀಲಕಂಠಬುವಾ ಅವರಲ್ಲಿ ವಿದ್ಯೆ ಕಲಿತು, ಗ್ರಾಮಫೋನು ತಟ್ಟೆಗಳ ಮೂಲಕ ತಾರುಣ್ಯದಲ್ಲಿಯೇ ಹೆಸರಾದರು. ಹೆಸರು ಬಂದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತುಕೊಳ್ಳುವುದು ಸುಲಭವಲ್ಲ. ಅವರಾದರೋ ಜಯಪುರ ಘರಾಣೆಯ ಮಂಜಿಖಾನರ ಮುಂದೆ ಶಿಷ್ಯರಾಗಿ ಕುಳಿತು ಮೊದಲಿನಿಂದ ಕಲಿಯತೊಡಗಿದರು. 1937ರಲ್ಲಿ ಆ ಗುರುಗಳು ಅಕಾಲದಲ್ಲಿ ತೀರಿಕೊಂಡಾಗ, ಅವರ ಸೋದರ ಭುರ್ಜಿಖಾನರಲ್ಲಿಗೆ ಹೋಗಿ ಮತ್ತೊಮ್ಮೆ ಶಿಷ್ಯರಾದರು. ಲಿಂಗವಂತ ಶಿಷ್ಯನು ಮುಸಲ್ಮಾನ ಗುರುವಿನ ಪಾದಕ್ಕೆರಗಿದಾಗ ಕುಲದ ಮಾತು ಎದ್ದಿತೆ? ವಿದ್ಯೆಯ ಮುಂದೆ ಅದು ನಾಚಿ ನಿಲ್ಲುತ್ತದೆ. ಅದೇ ಕಂಠದಿಂದ ಮುಂದೆ ಬಸವಣ್ಣ, ಅಕ್ಕಮಹಾದೇವಿಯರ ವಚನಗಳು ಹೊಮ್ಮಿ ಮನೆಮನೆಯನ್ನು ತಲುಪಿದುವು. 1992ರಲ್ಲಿ ಅವರು ತೀರಿಕೊಳ್ಳುವವರೆಗೂ ಅವರ ಸಾಧನೆಯು ನಿಲ್ಲಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಸಂಗೀತದ ಅಭ್ಯಾಸದಲ್ಲಿ ಮೂರು ಶಿಕ್ಷೆಗಳು ಅಡಗಿವೆ. ಮೊದಲನೆಯದು ಆಲಿಸುವುದು, ಕೇಳಬೇಕಾದವನು ಮೊದಲು ತಾನು ಸುಮ್ಮನಾಗಬೇಕು. ಎರಡನೆಯದು ಶ್ರುತಿಗೂಡುವುದು, ತಂಬೂರಿಯು ಹಾಡುವವನ ಇಷ್ಟದಂತೆ ಬದಲಾಗದು, ಅವನೇ ಅದಕ್ಕೆ ಹೊಂದಿಕೊಳ್ಳಬೇಕು. ಮೂರನೆಯದು ಮರಳಿ ಮರಳಿ ಸಾಧಿಸುವುದು. ನಿನ್ನೆ ಬಂದ ಸ್ವರವನ್ನು ಇಂದು ಮತ್ತೆ ಗಳಿಸಬೇಕು. ಮೌನ, ವಿನಯ, ತಾಳ್ಮೆಗಳನ್ನು ಕಲಿಸುವ ಇಂಥ ವಿದ್ಯೆ ಮತ್ತೊಂದಿಲ್ಲವೆಂದರೂ ಸಲ್ಲುವುದು.

ಆದರೆ ಈ ಮೂರನ್ನೂ ಕಲಿತವನು ಅವುಗಳನ್ನು ಹಾಡಿನ ಹೊತ್ತಿಗೆ ಮಾತ್ರ ಮೀಸಲಿಡಬಲ್ಲನು. ವೇದಿಕೆಯ ಮೇಲೆ ಶ್ರುತಿ ತಪ್ಪದವನು ಮನೆಯಲ್ಲಿ ನುಡಿ ತಪ್ಪಬಹುದು. ಶ್ರೋತೃಗಳ ಶಿರಃಕಂಪವನ್ನು ಕಂಡು ಉಬ್ಬಿ, ಸಹವಾದಕನನ್ನು ಹಳಿದು, ಶಿಷ್ಯನಿಗೆ ವಿದ್ಯೆಯನ್ನು ಮರೆಮಾಚಿದ ಗಾಯಕರು ಲೋಕದಲ್ಲಿ ಇಲ್ಲದಿಲ್ಲ. ರಾವಣನ ದೃಷ್ಟಾಂತದಿಂದ ಬಸವಣ್ಣನವರು ಎಚ್ಚರಿಸಿದುದು ಇಂಥವರನ್ನೇ. ಇತ್ತ ರಾಗದ ಹೆಸರೊಂದನ್ನೂ ಅರಿಯದೆ, ಬಿರಿದ ಕಂಠದಿಂದ ಭಜನೆಯಲ್ಲಿ ದನಿಗೂಡಿಸಿ, ಬೆಳಗಾದರೆ ನಿರ್ವಂಚನೆಯಿಂದ ದುಡಿಯುವ ಭಕ್ತನೂ ಉಂಟು. ತಾಳವನ್ನರಿಯೆನೆಂದು ಅಣ್ಣನವರು ನುಡಿದುದು ಅವನಿಗೆ ಅಭಯವನ್ನೀಯಲು. ಹಾಗಾದರೆ ಸಂಗೀತವಿಲ್ಲದೆಯೂ ಬಾಳು ಹಸನಾಗಬಹುದು; ಸಂಗೀತವಿದ್ದೂ ಕೆಡಬಹುದು. ನಾದವು ಬಾಳಿಗೆ ಬಾಗಿಲು. ಒಳಗೆ ಕಾಲಿಡಬೇಕಾದವನು ಮನುಷ್ಯನೇ. ಆದರೆ ಬೇರೆಲ್ಲ ಬಾಗಿಲುಗಳೂ ಮುಚ್ಚಿದ್ದ ಗದಿಗೆಯ್ಯನಂಥ ಮಗುವಿಗೆ ಈ ಬಾಗಿಲು ಎಷ್ಟು ದೊಡ್ಡದೆಂಬುದನ್ನು ಮರೆಯಲಾಗದು. ಅದನ್ನು ತೆರೆದುಕೊಟ್ಟ ಗುರುವಿನ ಕರುಣೆಯೂ ಆ ನಾದದಷ್ಟೇ ದೊಡ್ಡದು.

ದೇಹವು ವೀಣೆಯಾಗಲೆಂಬ ಪ್ರಾರ್ಥನೆಯ ಮರ್ಮವು ಇಲ್ಲಿ ತಿಳಿಯುತ್ತದೆ. ವೀಣೆಯು ತನಗಾಗಿ ನುಡಿಯುವುದಿಲ್ಲ. ತನ್ನ ನಾದವನ್ನು ತಾನೇ ಮೆಚ್ಚಿಕೊಳ್ಳುವುದೂ ಇಲ್ಲ. ತಂತಿಯನ್ನು ಬಿಗಿದಾಗ ನೋವೆನ್ನದೆ, ನುಡಿಸಿದಾಗ ಹೆಮ್ಮೆಯೆನ್ನದೆ, ನುಡಿಸುವವನ ಕೈಗೆ ತನ್ನನ್ನು ಒಪ್ಪಿಸಿಕೊಂಡಿರುತ್ತದೆ. ತಾನು ಹಾಡುವೆನೆಂಬ ಭಾವವು ಅಳಿದು, ತನ್ನ ಮೂಲಕ ಹಾಡು ಸಲ್ಲುವುದೆಂಬ ಭಾವವು ಮೂಡಿದಾಗ ನಾದವೇ ಭಕ್ತಿಯಾಗುತ್ತದೆ. ಆಗ ಮೂರು ವಚನಗಳಲ್ಲಿಯೂ ವಿರೋಧವಿಲ್ಲ. ಹಂಪೆಯಲ್ಲಿ ಶಿಷ್ಯನ ಪಕ್ಕದಲ್ಲಿ ತಬಲಾ ನುಡಿಸಿದ ಗುರುವು ಆ ಹೊತ್ತಿನಲ್ಲಿ ವೀಣೆಯೇ ಆಗಿದ್ದರು.

ಮಕ್ಕಳಿಗೆ ಸಂಗೀತವನ್ನು ಕಲಿಸುವ ತಾಯಿತಂದೆಗಳು ಇದನ್ನು ನೆನಪಿನಲ್ಲಿಡುವುದು ಲೇಸು. ಬಹುಮಾನದ ಬಟ್ಟಲನ್ನು ಗೆದ್ದು ಬಂದ ಮಗುವನ್ನು ಮೆಚ್ಚುವುದರ ಜೊತೆಗೆ, ಸೋತ ಗೆಳೆಯನಿಗೆ ಆ ಮಗು ಏನೆಂದಿತೆಂದು ಒಂದು ಮಾತು ಕೇಳಬೇಕು. ಮಗುವಿನ ಕಂಠಕ್ಕೆ ಬಂದ ಶ್ರುತಿಯು ಬಾಳಿಗೂ ಬಂದಿತೆ ಎಂಬುದು ಆ ಉತ್ತರದಲ್ಲಿ ತಿಳಿದುಬರುತ್ತದೆ.