ಕೇಳುವವರ ಹೊಣೆ

ತಾಲ್ಲೂಕು ಕಚೇರಿಯ ಹೊರಗೆ ಕುರ್ಚಿ ಹಾಕಿಕೊಂಡು ಅರ್ಜಿ ಬರೆದುಕೊಡುವವರು ಎದುರಿಗೆ ಬಂದು ನಿಂತವರನ್ನು ಮೊದಲು ಕೇಳುವುದು ‘ಏನಾಯ್ತಮ್ಮ?’ ಅಂತ. ಒಳಗಿನ ನಮೂನೆ ಮೊದಲು ಕೇಳುವುದು ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಸರ್ವೆ ನಂಬರು. ಚಿಂತಾಮಣಿಯಾಗಲಿ ಶಿಡ್ಲಘಟ್ಟವಾಗಲಿ, ಗೌರಿಬಿದನೂರಾಗಲಿ ಚಿಕ್ಕಬಳ್ಳಾಪುರವಾಗಲಿ, ತಮ್ಮ ಗೋಳನ್ನು ಆ ಖಾನೆಗಳಿಗೆ ಹೊಂದಿಸಿಕೊಡುವ ಕೈಚಳಕಕ್ಕೇ ಜನ ದುಡ್ಡು ಕೊಡುವುದು. ಓದು ಬಂದವರೂ ಕೊಡುತ್ತಾರೆ.

ಈ ಕೈಚಳಕವನ್ನು ಫೋನಿಗೆ ಕಲಿಸಬಹುದೆಂದು ಹೊರಟವರಿದ್ದಾರೆ. ವಕೀಲರಿಲ್ಲದೆ ಕೋರ್ಟಿಗೆ ಬರುವವರಿಗಾಗಿ ಅಮೆರಿಕದ ಷಿಕಾಗೊ-ಕೆಂಟ್ ಕಾನೂನು ಕಾಲೇಜಿನವರು ಎ2ಜೆ ಆಥರ್ ಎಂಬ ತಂತ್ರಾಂಶ ಮಾಡಿದರು. ಪರದೆಯ ಮೇಲೆ ಒಂದು ದಾರಿ, ದಾರಿಯ ಕೊನೆಗೆ ಕೋರ್ಟಿನ ಕಟ್ಟಡ. ಗೊಂಬೆಯೊಂದು ನಿಂತು ಒಂದೊಂದೇ ಪ್ರಶ್ನೆ ಕೇಳುತ್ತದೆ; ಉತ್ತರ ಕೊಡುತ್ತಾ ಹೋದರೆ ಕೊನೆಗೆ ತುಂಬಿದ ಅರ್ಜಿ ಕೈಗೆ ಬರುತ್ತದೆ. ಫಿಲಡೆಲ್ಫಿಯಾದ ಕಾನೂನು ನೆರವಿನ ವಕೀಲ ಜೊನಾಥನ್ ಪೈಲ್ ಬರೆದ ಡಾಕ್‌ಅಸೆಂಬಲ್ ಇಂಥದ್ದೇ ಇನ್ನೊಂದು. ಅದನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಹುಡುಗರು ಮನಸ್ಸಿಟ್ಟು ಕೂತರೆ ಕನ್ನಡದಲ್ಲೂ ಆದೀತು. ಯಂತ್ರದ ಕೆಲಸ ಅಷ್ಟೇನೂ ಕಷ್ಟವಿಲ್ಲ, ಕಷ್ಟವೆಲ್ಲ ಪ್ರಶ್ನೆ ಬರೆಯುವುದರಲ್ಲಿದೆ. ಇನ್ನೊಬ್ಬರ ಬದುಕಿನಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಅವರು ಬಾಯಿ ಬಿಡುವ ಮೊದಲೇ ಪ್ರಶ್ನೆ ಬರೆದವನು ತೀರ್ಮಾನ ಮಾಡಿಬಿಟ್ಟಿರುತ್ತಾನೆ.

ಕರ್ನಾಟಕ ಇದನ್ನು ಒಮ್ಮೆ ಕಂಡಿದೆ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವನು ನಮೂನೆ 7ರಲ್ಲಿ ಅರ್ಜಿ ಹಾಕಿ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಿತ್ತು. ಕೊನೆಯ ದಿನ ಮುಂದೆ ಹೋಗುತ್ತಾ 1979ರ ಜೂನ್ 30ಕ್ಕೆ ನಿಂತಿತು. ಭೂ ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯಲ್ಲೇ ಬರೆದಿತ್ತು. ಆ ಕಲಮನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 1987ರಲ್ಲಿ. ಅಷ್ಟರೊಳಗೆ ಲಕ್ಷಾಂತರ ಗೇಣಿದಾರರು ಊರಿನಲ್ಲಿ ಓದುಬರಹ ಬಲ್ಲ ಯಾರನ್ನೋ ಹಿಡಿದು ಆ ನಮೂನೆ ತುಂಬಿಸಿ ಆಗಿತ್ತು. ಅರ್ಜಿದಾರನ ಹೆಸರೇನು ಎಂದರೆ ಮನೆಯ ಹಿರಿಮಗ ತನ್ನ ಹೆಸರು ಹೇಳಿದ. ನಿನ್ನ ಜತೆ ಉತ್ತವರು ಯಾರಪ್ಪ, ಈ ಗೇಣಿ ನಿನ್ನೊಬ್ಬನದೋ ಮನೆಯವರೆಲ್ಲರದೋ ಎಂದು ಬಿಡಿಸಿ ಕೇಳುವವರು ಇಲ್ಲದ ಕಡೆ ಉಳಿದವರ ಹೆಸರು ಹಾಳೆಗೆ ಇಳಿಯಲಿಲ್ಲ. ಮಂಜೂರಾದ ಜಮೀನು ಅವನೊಬ್ಬನದೋ ಅವಿಭಕ್ತ ಕುಟುಂಬದ್ದೋ ಎಂಬ ದಾವೆಗಳು ಆಮೇಲೆ ದಶಕಗಟ್ಟಲೆ ಹೈಕೋರ್ಟಿನ ತನಕ ನಡೆದವು. ಅಣ್ಣತಮ್ಮಂದಿರು ಮಾತು ಬಿಟ್ಟರು. ಅಂದು ಒಂದು ಪ್ರಶ್ನೆ ಹೆಚ್ಚು ಕೇಳಿದ್ದರೆ ಅದೆಷ್ಟು ಮನೆ ಉಳಿಯುತ್ತಿತ್ತೋ.

ಅಂದು ಆ ಭೂ ನ್ಯಾಯಮಂಡಳಿಯ ಅಧ್ಯಕ್ಷರಾಗಿ ಕೂತವರು ಅಸಿಸ್ಟೆಂಟ್ ಕಮಿಷನರ್, ಅಂದರೆ ಎ.ಸಿ. ಸಾಹೇಬರು. ಇಂದು ಅದೇ ಎ.ಸಿ. ಮುಂದೆ ಬಂದು ನಿಲ್ಲುತ್ತಿರುವವರು ತಂದೆತಾಯಿಗಳು. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯ ಪ್ರಕಾರ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೇಳಬಹುದು, ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಅರವತ್ತು ತುಂಬಿದವರು ಬರೆದುಕೊಟ್ಟ ಆಸ್ತಿಯನ್ನೂ ಹಿಂದಕ್ಕೆ ಕೇಳಬಹುದು. ಇದರ 17ನೇ ಕಲಮು ಕೂಡ ವಕೀಲರನ್ನು ಹೊರಗೇ ನಿಲ್ಲಿಸುವಂತೆ ಬರೆದದ್ದು. ಅಂದಮೇಲೆ ತನ್ನ ಅರ್ಜಿಯನ್ನು ತಾನೇ ಬರೆದುಕೊಳ್ಳಲು ಯಾರಿಗಾದರೂ ನೆರವು ಬೇಕಿದ್ದರೆ ಅದು ಇವರಿಗೆ. 2008ರಲ್ಲಿ ದೇವನಹಳ್ಳಿಯಿಂದ ವಿಮಾನ ಹಾರಲು ಶುರುವಾದ ಮೇಲೆ ನಮ್ಮ ಕಡೆಯ ಎಕರೆಯ ಬೆಲೆ ಏನಾಯಿತೆಂದು ಹೇಳಬೇಕಿಲ್ಲ. ದಾನಪತ್ರ ಬರೆಸಿಕೊಳ್ಳುವ ತನಕ ಉಕ್ಕುವ ಮಾತೃಭಕ್ತಿಯ ಬಗ್ಗೆಯೂ ಹೇಳಬೇಕಿಲ್ಲ.

ಶಿಡ್ಲಘಟ್ಟದ ಕಡೆಯ ಒಬ್ಬ ಅಜ್ಜಿ ಅಂದುಕೊಳ್ಳೋಣ. ಇದ್ದ ಎರಡು ಎಕರೆಯನ್ನು ಕಿರಿಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದಾಳೆ. ಈಗ ಆ ಮನೆಯಲ್ಲಿ ಹೊತ್ತುಹೊತ್ತಿಗೆ ಅನ್ನವಿಲ್ಲ. 23ನೇ ಕಲಮು ಹೇಳುವುದು ಇಷ್ಟು: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ, ಕಾಯ್ದೆ ಜಾರಿಯಾದ ನಂತರ ಕೊಟ್ಟ ಆಸ್ತಿಯಾಗಿದ್ದು, ಪಡೆದವನು ನೋಡಿಕೊಳ್ಳದಿದ್ದರೆ ಆ ಪತ್ರ ಮೋಸದಿಂದ ಆದದ್ದೆಂದು ಭಾವಿಸಿ ರದ್ದು ಮಾಡಬಹುದು. ಹಾಗಾದರೆ ತಂತ್ರಾಂಶ ಕೇಳಬೇಕಾದದ್ದು ಸುಲಭವಲ್ಲವೇ? ‘ದಾನಪತ್ರದಲ್ಲಿ ಷರತ್ತು ಇದೆಯೇ? ಹೌದು, ಇಲ್ಲ.’ ಆದರೆ ಆ ಪತ್ರವನ್ನು ಆಕೆ ಓದಿಲ್ಲ, ಹೆಬ್ಬೆಟ್ಟು ಒತ್ತಿದ್ದಾಳೆ. ನಕಲು ಮಗನ ಬೀರುವಿನಲ್ಲಿದೆ. ಏನೋ ಒಂದು ಹೇಳಬೇಕಲ್ಲ ಎಂದು ‘ಇಲ್ಲ’ ಎಂದುಬಿಟ್ಟರೆ ಆಕೆಯ ದಾರಿ ಅಲ್ಲಿಗೆ ಮುಚ್ಚಿತು. ಷರತ್ತು ಇರಲೇಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತ್ತು ನಿಜ. ಆದರೆ 2025ರ ಜನವರಿಯಲ್ಲಿ ಊರ್ಮಿಳಾ ದೀಕ್ಷಿತ್ ಎಂಬ ತಾಯಿಯ ಪ್ರಕರಣದಲ್ಲಿ ಅದೇ ಕೋರ್ಟು ಮಗನ ಹೆಸರಿನ ದಾನಪತ್ರವನ್ನು ರದ್ದು ಮಾಡಿತು. ನೋಡಿಕೊಳ್ಳುತ್ತೇನೆಂದು ಮಗ ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದಾನೆಂದು ಆ ತಾಯಿ ಹೇಳಿದ್ದರು. ಆದ್ದರಿಂದ ‘ಹೌದು’, ‘ಇಲ್ಲ’ಗಳ ಪಕ್ಕದಲ್ಲಿ ‘ಗೊತ್ತಿಲ್ಲ’ ಎಂಬುದೂ ಅಷ್ಟೇ ದೊಡ್ಡದಾಗಿ ಇರಬೇಕು. ಅದನ್ನು ಒತ್ತಿದರೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರದ ದೃಢೀಕೃತ ನಕಲು ತೆಗೆಸುವುದು ಹೇಗೆಂದು ಮುಂದಿನ ಪುಟ ಹೇಳಬೇಕು. ‘ಪತ್ರ ಮಾಡಿಕೊಟ್ಟ ದಿನ ಮಗ ಏನು ಹೇಳಿದ್ದಮ್ಮ? ಬೇರೆಲ್ಲಾದರೂ ಬರೆದುಕೊಟ್ಟಿದ್ದಾನಾ?’ ಎಂದೂ ಕೇಳಬೇಕು. ಶಿಡ್ಲಘಟ್ಟದ ರೇಷ್ಮೆ ಫಿಲೇಚರುಗಳಲ್ಲಿ ಗೂಡು ಬೆಂದು ಎಳೆಯ ತುದಿ ಸಿಗುವ ತನಕ ಯಾರೂ ನೂಲು ಎಳೆಯಲು ಹೋಗುವುದಿಲ್ಲ. ಕೇಳುವವರಿಗೂ ಅಷ್ಟು ತಾಳ್ಮೆ ಬೇಕು.

ಆಮೇಲೆ ನಮೂನೆ ಕೇಳುತ್ತದೆ, ಎದುರುದಾರರು ಯಾರು? ಇಲ್ಲಿ ಆಕೆ ಸುಮ್ಮನಾಗುತ್ತಾಳೆ. ಮಗನ ಹೆಸರನ್ನು ಆ ಜಾಗದಲ್ಲಿ ಹೇಳಲು ನಾಲಿಗೆ ಏಳದು. ಅರ್ಜಿ ಬರೆಯುವ ಮನುಷ್ಯನಾದರೆ ಆ ಮೌನ ಕಂಡು ಪೆನ್ನು ಕೆಳಗಿಡುತ್ತಾನೆ. ಒಳ್ಳೆಯವನಾದರೆ ಅಷ್ಟು ಮಾಡುತ್ತಾನೆ, ಆತುರದವನಾದರೆ ತಾನೇ ನಾಲ್ಕು ಸುಳ್ಳು ಸೇರಿಸಿ ಅರ್ಜಿಗೆ ಖಾರ ಹಚ್ಚುತ್ತಾನೆ. ಹೊಡೆದ, ಬಡಿದ, ಕೊಲೆ ಬೆದರಿಕೆ ಹಾಕಿದ ಎಂದು. ಯಂತ್ರ ಸುಳ್ಳು ಸೇರಿಸದು, ಅದು ಅದರ ದೊಡ್ಡ ಗುಣ. ಮೌನ ಮಾತ್ರ ಅದಕ್ಕೆ ಕೇಳಿಸದು. ಅದನ್ನು ಕಟ್ಟುವವರು ಆ ಮೌನಕ್ಕೆ ಮೊದಲೇ ಜಾಗ ಬಿಟ್ಟಿರಬೇಕಾಗುತ್ತದೆ: ಇದು ಶಿಕ್ಷೆ ಕೇಳುವ ಅರ್ಜಿಯಲ್ಲ, ವಿಚಾರಣೆಗೆ ಮೊದಲು ರಾಜಿ ಮಾಡಿಸುವ ಅಧಿಕಾರಿಯ ಬಳಿ ಕಳಿಸುವುದಕ್ಕೂ ಕಾಯ್ದೆಯಲ್ಲಿ ಅವಕಾಶವಿದೆ ಎಂದು ಆ ಹೊತ್ತಿಗೆ ಸರಿಯಾಗಿ ಹೇಳಬೇಕು.

ಇನ್ನೊಂದು ಸಂಗತಿಯನ್ನು ಬೆಂಗಳೂರಿನಲ್ಲಿ ಕೂತು ತಂತ್ರಾಂಶ ಬರೆಯುವವರು ಯೋಚಿಸಿರುವುದಿಲ್ಲ. ಆ ಫೋನು ಯಾರದು? ಎಷ್ಟೋ ಮನೆಗಳಲ್ಲಿ ಅಜ್ಜಿಯ ಆಧಾರ್‌ಗೆ ಜೋಡಿಸಿದ ನಂಬರು ಮಗನದೇ. ಅವನ ಮೇಲೆ ಹಾಕುವ ಅರ್ಜಿಯ ಓಟಿಪಿ ಅವನಿಗೇ ಹೋಗುತ್ತದೆ. ಓಟಿಪಿ ಇಲ್ಲದೆ ಒಂದು ಹೆಜ್ಜೆಯೂ ಮುಂದಿಡದ ತಂತ್ರಾಂಶವನ್ನು ಭದ್ರವಾದದ್ದೆಂದು ಕರೆಯುತ್ತಾರೆ. ಯಾರಿಗೆ ಭದ್ರ?

ಭಾಷೆಯ ಮಾತೂ ಇದೆ. ಈ ಸೀಮೆಯಲ್ಲಿ ಮನೆಮಾತು ತೆಲುಗು, ಕಾಗದದ ಮಾತು ಕನ್ನಡ ಆಗಿರುವವರು ಬಹಳ. ಶಿಡ್ಲಘಟ್ಟದ ರೀಲರ್‌ಗಳ ಮನೆಗಳಲ್ಲಿ ಉರ್ದು. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದ ನೆಲ ಇದು. ಇಲ್ಲಿನ ಅರ್ಜಿ ಬರೆಯುವವರು ತೆಲುಗಿನಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಬರೆಯುತ್ತಾರೆ, ಬರೆದದ್ದನ್ನು ಮತ್ತೆ ತೆಲುಗಿನಲ್ಲಿ ಓದಿ ಹೇಳುತ್ತಾರೆ. ಇದಕ್ಕೆ ಯಾವ ತರಬೇತಿಯೂ ಅವರಿಗೆ ಸಿಕ್ಕಿಲ್ಲ. ಕನ್ನಡದ್ದೇ ಪರದೆ ಮಾಡಿ ಕನ್ನಡದ ಸೇವೆ ಆಯಿತೆಂದು ಬೀಗುವವರು ಇವರ ಪಕ್ಕದಲ್ಲಿ ಒಂದು ವಾರ ಕೂತು ನೋಡಲಿ ಎಂದು ನನಗೆ ಅನ್ನಿಸುತ್ತದೆ. ಪ್ರಶ್ನೆ ತೆಲುಗಿನಲ್ಲಿ, ಉರ್ದುವಿನಲ್ಲಿ ಕಿವಿಗೆ ಬೀಳಲಿ. ಅರ್ಜಿ ಕನ್ನಡದಲ್ಲೇ ಹೊರಬರಲಿ. ಸಹಿಗೆ ಮೊದಲು ಬರೆದದ್ದನ್ನೆಲ್ಲ ಅರ್ಜಿದಾರರ ಭಾಷೆಯಲ್ಲಿ ಓದಿ ಹೇಳಲಿ.

ಎಷ್ಟು ಕೇಳಬೇಕು ಎಂಬುದಕ್ಕಿಂತ ಏನನ್ನು ಕೇಳಬಾರದು ಎಂಬುದು ಹೆಚ್ಚು ಗಟ್ಟಿ ವಿಚಾರ. 2005ರ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮು ನಮ್ಮ ಕಾನೂನುಗಳಲ್ಲಿ ಅಪರೂಪದ್ದು. ಬರೆಯಲಾರದವನು ಬಾಯಲ್ಲಿ ಹೇಳಿದರೆ ಅದನ್ನು ಬರವಣಿಗೆಗೆ ಇಳಿಸಲು ಮಾಹಿತಿ ಅಧಿಕಾರಿಯೇ ನೆರವಾಗಬೇಕು. ಮಾಹಿತಿ ಯಾಕೆ ಬೇಕೆಂದು ಕೇಳುವಂತಿಲ್ಲ. ಅದೇ ಕಾಯ್ದೆಗೆ ಕರ್ನಾಟಕ ಮಾಡಿಕೊಂಡ ನಿಯಮ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು ಅನ್ನುತ್ತದೆ. ದೆಹಲಿಯಲ್ಲಿ ತೆರೆದ ಬಾಗಿಲಿಗೆ ಇಲ್ಲಿ ಹೊಸ್ತಿಲು ಎತ್ತರಿಸಿದ ಹಾಗೆ. ತಂತ್ರಾಂಶ ಪದ ಎಣಿಸಿ ಕೊಡಲಿ, ಅದು ಅದಕ್ಕೆ ಒಪ್ಪುವ ಕೂಲಿ. ಆದರೆ ‘ನಿಮಗಿದು ಯಾಕೆ ಬೇಕು’ ಎಂಬ ಖಾನೆಯೊಂದನ್ನು ಅಂಕಿಅಂಶದ ಆಸೆಗೆ ಸೇರಿಸಿದರೂ ಕಾಯ್ದೆ ಕೊಟ್ಟ ಮರ್ಯಾದೆಯನ್ನು ಅದು ಕಿತ್ತುಕೊಂಡಂತೆ. ಜಾತಿ, ಆದಾಯ, ಮದುವೆ ಆಗಿದೆಯೇ, ಮಕ್ಕಳೆಷ್ಟು: ಬೇಕಿರಲಿ ಬೇಡದಿರಲಿ ಕೇಳಿಡುವ ಚಟ ನಮ್ಮ ನಮೂನೆಗಳದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಂದ ಎಚ್. ನರಸಿಂಹಯ್ಯನವರು ಬದುಕಿಡೀ ಪ್ರಶ್ನಿಸಿ ಎಂದರು. ಅವರು ಹೇಳಿದ್ದು ಜನ ಮೇಲಿದ್ದವರನ್ನು ಕೇಳಲಿ ಎಂದು. ನಮ್ಮ ಕಚೇರಿಗಳು ಅದನ್ನು ತಿರುವುಮುರುವು ಮಾಡಿ ಕಲಿತಿವೆ.

ಇಂಥ ತಂತ್ರಾಂಶ ಕಟ್ಟುವವರು ಲೆಕ್ಕ ಇಡುವುದು ಎಷ್ಟು ಅರ್ಜಿ ಪೂರ್ತಿಯಾದವು ಎಂದು. ಅರ್ಧಕ್ಕೆ ನಿಂತವು ಅವರಿಗೆ ಸೋಲು. ಆದರೆ ಎಂಟನೇ ಪ್ರಶ್ನೆಗೆ ನಿಂತು, ಇದು ನನ್ನ ಕೈಲಿ ಆಗದು, ವಕೀಲರನ್ನೇ ಕಾಣುತ್ತೇನೆ ಎಂದು ಎದ್ದವಳಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ದಾರಿ, 15100 ಎಂಬ ಸಹಾಯವಾಣಿ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಪುಕ್ಕಟೆ ಕಾನೂನು ನೆರವಿದೆ ಎಂಬ 1987ರ ಕಾಯ್ದೆಯ ಮಾತು, ಇಷ್ಟು ಆ ಪುಟದಲ್ಲೇ ಸಿಕ್ಕಿದ್ದರೆ ತಂತ್ರಾಂಶ ತನ್ನ ಕೆಲಸ ಮಾಡಿದೆ. ಅರ್ಜಿ ಪೂರ್ತಿ ತುಂಬಿಸಿ, ಓದಿಸಿ ಕೇಳಿ, ಕೊನೆಗೆ ಸಲ್ಲಿಸದೆ ಮಡಿಸಿ ಇಟ್ಟುಕೊಂಡವಳಿಗೂ ಅದು ಕೆಲಸ ಮಾಡಿದೆ. ಆ ಹಾಳೆ ತನ್ನ ಬಳಿ ಇದೆಯೆಂದು ಮಗನಿಗೆ ತಿಳಿಸುವುದೋ ಬಿಡುವುದೋ ಆಕೆಗೆ ಬಿಟ್ಟದ್ದು. ‘ನಿಮ್ಮ ಅರ್ಜಿ ಇನ್ನೂ ಬಾಕಿ ಇದೆ’ ಎಂದು ವಾರಕ್ಕೊಂದು ಮೆಸೇಜು ಅವನ ಫೋನಿಗೆ ಹೋಗದಿದ್ದರೆ ಸಾಕು.