ದೀನ್ ಮತ್ತು ದೀನ

ಮುಂಜಾನೆ ಮದ್ರಸದಲ್ಲಿ ಉಸ್ತಾದರು, "ನಿನ್ನ ದೀನ್ ಯಾವುದು?" ಎಂದು ಕೇಳುತ್ತಾರೆ. "ಇಸ್ಲಾಮ್" ಎಂದು ಮಗು ಉತ್ತರಿಸುತ್ತದೆ. ಅದೇ ಮಗು ಶಾಲೆಗೆ ಹೋದಾಗ ಕನ್ನಡ ಮಾಸ್ತರರು, 'ದೀನ' ಎಂದರೆ ಬಡವ, ದಿಕ್ಕಿಲ್ಲದವ ಎಂದು ಅರ್ಥ ಬರೆಸುತ್ತಾರೆ. ಸಂಜೆ ಮನೆಗೆ ಬಂದು, "ಉಮ್ಮಾ, ಇವೆರಡೂ ಒಂದೇ ಪದವಾ?" ಎಂದು ಅದು ಕೇಳಿದರೆ ನೀವು ಏನು ಹೇಳುವಿರಿ?

ಒಂದೇ ಅಲ್ಲ ಎಂಬುದೇ ಸರಿಯಾದ ಉತ್ತರ. ಕನ್ನಡದ 'ದೀನ' ಸಂಸ್ಕೃತದಿಂದ ಬಂದುದು. ಅರಬಿಯ 'ದೀನ್' ಬೇರೆಯೇ ಕುಟುಂಬದ್ದು. ಅರಬಿಯ ಸೋದರ ಭಾಷೆಗಳಾದ ಹೀಬ್ರೂ ಮತ್ತು ಅರಮಾಯಿಕ್‌ಗಳಲ್ಲಿಯೂ 'ದೀನ್' ಇದೆ. ಅಲ್ಲಿ ಅದಕ್ಕೆ ನ್ಯಾಯತೀರ್ಮಾನ ಎಂದರ್ಥ. ಯಹೂದಿಯರು ತಮ್ಮ ಧಾರ್ಮಿಕ ನ್ಯಾಯಾಲಯವನ್ನು ಇಂದಿಗೂ 'ಬೇತ್ ದೀನ್' ಎನ್ನುತ್ತಾರೆ. ಪಾರ್ಸಿಗಳ ಪ್ರಾಚೀನ ಗ್ರಂಥವಾದ ಅವೆಸ್ತಾದಲ್ಲಿ ಧರ್ಮಶ್ರದ್ಧೆಯನ್ನು ಸೂಚಿಸುವ 'ದಏನಾ' ಎಂಬ ಪದವಿದೆ. ಅರಬಿಯ 'ದೀನ್' ಪದಕ್ಕೆ ಧರ್ಮವೆಂಬ ಅರ್ಥ ಕೂಡಿಕೊಳ್ಳುವಲ್ಲಿ ಅದರ ಪ್ರಭಾವವೂ ಇದೆಯೆಂದು ಹೇಳುವ ಭಾಷಾ ವಿದ್ವಾಂಸರಿದ್ದಾರೆ. ಧ್ವನಿ ಒಂದೇ ಎಂಬ ಕಾರಣಕ್ಕೆ ಪದಗಳಿಗೆ ನೆಂಟು ಕಟ್ಟಬಾರದು.

ಪವಿತ್ರ ಕುರ್‌ಆನ್ ಈ ಪುಟ್ಟ ಪದವನ್ನು ಎಷ್ಟು ವಿಶಾಲವಾಗಿ ಬಳಸಿದೆಯೆಂದು ನೋಡಿರಿ. ನಾವು ಪ್ರತಿಯೊಂದು ನಮಾಝಿನಲ್ಲಿ ಓದುವ ಅಲ್ ಫಾತಿಹಾದಲ್ಲಿ ಅಲ್ಲಾಹನು 'ಯೌಮುದ್ದೀನ್'ನ ಒಡೆಯನು. ಅಲ್ಲಿ ದೀನ್ ಎಂದರೆ ವಿಚಾರಣೆ ಮತ್ತು ಪ್ರತಿಫಲ. ಯೂಸುಫ್ ಅಧ್ಯಾಯದಲ್ಲಿ ಈಜಿಪ್ಟಿನ ರಾಜನ ಕಾನೂನನ್ನು ಕೂಡ ದೀನ್ ಎನ್ನಲಾಗಿದೆ. ಅಲ್ ಕಾಫಿರೂನ್ ಅಧ್ಯಾಯದಲ್ಲಿ ಅದು ಮನುಷ್ಯನು ಆರಿಸಿಕೊಂಡು ನಡೆಯುವ ಜೀವನ ಮಾರ್ಗ. ಆದ್ದರಿಂದ ದೀನ್ ಎಂದರೆ ಮಸೀದಿಯೊಳಗೆ ಮುಗಿಯುವ ಕೆಲವು ಆಚರಣೆಗಳು ಮಾತ್ರವಲ್ಲ. ನಡೆಯುವ ದಾರಿಯೂ ಅದೇ, ದಾರಿಯ ಕೊನೆಯಲ್ಲಿ ಕೊಡಬೇಕಾದ ಲೆಕ್ಕವೂ ಅದೇ.

ಇನ್ನೊಂದು ವಿಷಯ ನಮ್ಮನ್ನು ಎಚ್ಚರಿಸಬೇಕು. ಅರಬಿಯಲ್ಲಿ ಸಾಲಕ್ಕೆ 'ದೈನ್' ಎನ್ನುತ್ತಾರೆ. ದಾಲ್, ಯಾ, ನೂನ್ ಎಂಬ ಅದೇ ಮೂರು ಅಕ್ಷರಗಳು. ಸ್ವರಚಿಹ್ನೆಗಳಿಲ್ಲದೆ ಬರೆದರೆ ಧರ್ಮವೂ ಸಾಲವೂ ಒಂದೇ ರೀತಿ ಕಾಣುತ್ತವೆ. ಇಲ್ಲಿ ನೆಂಟು ನಿಜವಾದುದು, ಎರಡೂ ಒಂದೇ ಧಾತುವಿನವು. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರದ 282ನೆಯದು, ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿಯೇ ಇದೆ.

ಒಮ್ಮೆ ಪ್ರವಾದಿವರ್ಯರ(ಸ) ಬಳಿಗೆ ಒಂದು ಜನಾಝ ತರಲಾಯಿತು. ಮೃತನಿಗೆ ಸಾಲವಿದೆಯೇ ಎಂದು ಅವರು ವಿಚಾರಿಸಿದರು. ಮೂರು ದೀನಾರ್ ಸಾಲವಿತ್ತು, ತೀರಿಸಲು ಆತ ಏನನ್ನೂ ಬಿಟ್ಟು ಹೋಗಿರಲಿಲ್ಲ. ನೀವೇ ನಮಾಝ್ ನಿರ್ವಹಿಸಿರಿ ಎಂದು ಪ್ರವಾದಿವರ್ಯರು(ಸ) ಸಂಗಾತಿಗಳಿಗೆ ಹೇಳಿದರು. ಆ ಸಾಲ ನನ್ನ ಮೇಲಿರಲಿ ಎಂದು ಅಬೂ ಕತಾದ(ರ) ಮುಂದೆ ಬಂದ ನಂತರವೇ ಅವರು ನಮಾಝ್ ನಿರ್ವಹಿಸಿದರು. ಮೂರೇ ಮೂರು ದೀನಾರ್!

ಕನ್ನಡದ ದೀನನಿಗೂ ಅರಬಿಯ ದೀನ್‌ಗೂ ಧಾತುವಿನ ನೆಂಟಿಲ್ಲವೆಂದು ಆಗಲೇ ಹೇಳಿದೆವು. ಆದರೆ ನಿಘಂಟಿನಲ್ಲಿ ಇಲ್ಲದ ಒಂದು ಸಂಬಂಧವನ್ನು ಅಲ್ಲಾಹನು ಬೆಸೆದಿದ್ದಾನೆ. ಅಲ್ ಮಾಊನ್ ಎಂಬ ಏಳೇ ಸೂಕ್ತಗಳ ಅಧ್ಯಾಯವನ್ನು ಗಮನಿಸಿರಿ. ದೀನನ್ನು ಸುಳ್ಳಾಗಿಸುವವನು ಯಾರು ಎಂಬ ಪ್ರಶ್ನೆಯೊಂದಿಗೆ ಅದು ಆರಂಭವಾಗುತ್ತದೆ. ವಿಗ್ರಹದ ಮುಂದೆ ನಿಂತವನು ಎಂಬ ಉತ್ತರವನ್ನು ನಾವು ನಿರೀಕ್ಷಿಸಬಹುದು. ಆದರೆ ಉತ್ತರ ಅದಲ್ಲ. ಅನಾಥನನ್ನು ಹೊರದಬ್ಬುವವನು, ಬಡವನಿಗೆ ಉಣಿಸಲು ಪ್ರೇರೇಪಿಸದವನು ಎಂಬುದು ಉತ್ತರ. ಅಷ್ಟಕ್ಕೇ ನಿಲ್ಲದೆ, ತೋರಿಕೆಗಾಗಿ ನಮಾಝ್ ಮಾಡುತ್ತಾ ನೆರೆಯವನಿಗೆ ಸಣ್ಣಪುಟ್ಟ ವಸ್ತುವನ್ನೂ ಕೊಡದವನಿಗೆ ಅದು ನಾಶದ ಎಚ್ಚರಿಕೆ ನೀಡುತ್ತದೆ. ಕನ್ನಡದಲ್ಲಿ ಹೇಳುವುದಾದರೆ, ದೀನನನ್ನು ದೂರ ತಳ್ಳಿದವನು ದೀನನ್ನೇ ದೂರ ತಳ್ಳಿದ್ದಾನೆ.

ಸಹೋದರ ಸಹೋದರಿಯರೇ, ನಮ್ಮ ಮನೆಗಳತ್ತ ಒಮ್ಮೆ ಕಣ್ಣು ಹಾಯಿಸೋಣ. ಎರಡನೆಯ ಉಮ್ರಾಕ್ಕೆ ಹೊರಟವನ ಹೆಗಲ ಮೇಲೆ ಅಂಗಡಿಯ ಹುಡುಗನ ಬಾಕಿ ಸಂಬಳವಿಲ್ಲವೇ? ಆಸ್ತಿ ಪಾಲು ಮಾಡಿದಾಗ ಸಹೋದರಿಯ ಪಾಲು ಅವಳ ಕೈ ಸೇರಿದೆಯೇ? ಸಾಲ ಮಾಡಿ ನಡೆಸಿದ ಮದುವೆಯ ಪಂದಿಯಲ್ಲಿ ನೆರೆಮನೆಯ ವಿಧವೆಯ ಮಕ್ಕಳಿಗೆ ಜಾಗವಿತ್ತೇ? ನಮ್ಮಲ್ಲಿ ಎಷ್ಟೋ ಮಂದಿಯ ಹೆಸರು 'ದ್ದೀನ್' ಎಂದೇ ಮುಗಿಯುತ್ತದೆ. ಮುಹಿಯುದ್ದೀನ್ ಎಂದರೆ ದೀನಿಗೆ ಜೀವ ತುಂಬುವವನು. ಹೆಸರು ತಂದೆತಾಯಿ ಇಟ್ಟದ್ದು, ಅದರ ಅರ್ಥವನ್ನು ಉಳಿಸಿಕೊಳ್ಳಬೇಕಾದವರು ನಾವು.

ಆದ್ದರಿಂದ ಮಗು ಕೇಳಿದಾಗ ಹೀಗೆ ಹೇಳಿರಿ: "ಅವು ಬೇರೆ ಬೇರೆ ಪದಗಳು ಮಗಾ. ಆದರೆ ದೀನ್ ಇರುವ ಮನೆಯ ಬಾಗಿಲಿನಿಂದ ದೀನನು ಬರಿಗೈಯಲ್ಲಿ ಹಿಂದಿರುಗಬಾರದು." ಬಳಿಕ ಬಾಗಿಲು ಬಡಿದವರಿಗೆ ಕೊಡುವ ತಟ್ಟೆಯನ್ನು ಆ ಮಗುವಿನ ಕೈಯಿಂದಲೇ ಕೊಡಿಸಿರಿ.

ಯೌಮುದ್ದೀನ್‌ನ ಒಡೆಯನು ನಮ್ಮನ್ನು ಯಾರ ಹಕ್ಕನ್ನೂ ಉಳಿಸಿಕೊಳ್ಳದೆ ತನ್ನೆಡೆಗೆ ಮರಳುವವರನ್ನಾಗಿ ಮಾಡಲಿ. ಆಮೀನ್.