ಹೆಚ್ಚುವ ಕೈಯೂ ಉಣ್ಣುವ ಬಾಯಿಯೂ

ವ್ರತವು ನಿಯಮದ ಅಕ್ಷರದಲ್ಲಿದೆಯೋ ಅದರ ಹಿಂದಿರುವ ದಯೆಯಲ್ಲಿದೆಯೋ ಎಂಬ ಪ್ರಶ್ನೆ ಹೊಸದಲ್ಲ. ನನ್ನ ಪಾಲಿಗೆ ಅದು 2023ನೆಯ ಡಿಸೆಂಬರಿನಲ್ಲಿ, ಒಂದು ಬಟ್ಟಲು ಪಾರಸಿ ಕೋಸಂಬರಿಯ ರೂಪದಲ್ಲಿ, ಊಟದ ಮಣೆಯ ಮುಂದೆಯೇ ಬಂದು ನಿಂತಿತು.

ಮೈಸೂರಿನಲ್ಲಿ ಓದುತ್ತಿದ್ದ ನನ್ನ ಕಿರಿಯ ಮಗನು ಇರಾನ್ ದೇಶದ ಸಹಪಾಠಿಯೊಬ್ಬನನ್ನು ರಜೆಯಲ್ಲಿ ಮನೆಗೆ ಕರೆತಂದಿದ್ದನು. ಆತನ ಊರು ಶಿರಾಜ್; ಆ ದೇಶದ ದಕ್ಷಿಣ ಭಾಗದಲ್ಲಿರುವ ಫಾರ್ಸ್ ಪ್ರಾಂತದ ರಾಜಧಾನಿ. ಊರಿನ ಹೆಸರನ್ನೇ ಹೊತ್ತ ‘ಸಾಲಾದ್ ಶಿರಾಜಿ’ಯನ್ನು ನಮಗೆ ಉಣಬಡಿಸಬೇಕೆಂಬುದು ಆತನ ಆಸೆ.

ಅದರ ಕ್ರಮ ಸರಳವಾದುದು. ತೆಳುಸಿಪ್ಪೆಯ ಎಳೆಯ ಸೌತೆಕಾಯಿ, ಗಟ್ಟಿಯಾದ ಟೊಮೇಟೊ, ಈರುಳ್ಳಿ ಇವುಗಳನ್ನು ಕಡಲೆಕಾಳಿಗಿಂತ ತುಸು ದೊಡ್ಡದಾಗಿ, ಸಮನಾಗಿ ಹೆಚ್ಚಿ, ಒಣಗಿದ ಪುದೀನ, ಉಪ್ಪು, ಕರಿಮೆಣಸು, ನಿಂಬೆಯ ರಸ ಬೆರೆಸುವರು. ನಿಂಬೆಗೆ ಬದಲಾಗಿ ಬಲಿಯದ ದ್ರಾಕ್ಷಿಯ ಹುಳಿರಸವನ್ನು ಹಾಕುವುದೂ ಉಂಟು. ಉಪ್ಪು ತಗುಲಿದೊಡನೆ ಸೌತೆಕಾಯಿ ನೀರು ಬಿಡುವುದರಿಂದ ಬಡಿಸುವ ಹೊತ್ತಿಗೇ ಬೆರೆಸಬೇಕು. ಟೊಮೇಟೊ ಅಲ್ಲಿಗೂ ಈಚೆಗೆ ಬಂದದ್ದು. ಅದರ ಪಾರಸಿ ಹೆಸರಿನಲ್ಲಿಯೇ ‘ಫರಂಗಿ’ ಎಂಬ ಮಾತಿದೆ. ದಾಳಿಂಬೆಯಾದರೋ ಆ ನೆಲದ ಹಳೆಯ ಫಲ. ಚಳಿಗಾಲದಲ್ಲಿ ಟೊಮೇಟೊ ಬಿಟ್ಟು ಸೌತೆಕಾಯಿಗೆ ದಾಳಿಂಬೆಯ ಕಾಳು ಬೆರೆಸುವರಂತೆ. ಸೌತೆಕಾಯಿಯನ್ನು ಅವರು ಹಣ್ಣುಗಳ ತಟ್ಟೆಯಲ್ಲಿಯೇ ಇಟ್ಟು ಅತಿಥಿಗಳಿಗೆ ಕೊಡುವರೆಂದು ಕೇಳಿ ನಮ್ಮ ಮನೆಯವರೆಲ್ಲ ಬೆರಗಾದರು.

ನಮ್ಮ ಮನೆಯಲ್ಲಿ ಕಂದಮೂಲ ನಿಷಿದ್ಧವೆಂದು ಮಗನು ಮೊದಲೇ ತಿಳಿಸಿದ್ದನು. ಈರುಳ್ಳಿಯಿಲ್ಲದಿದ್ದರೆ ತನ್ನ ತಾಯಿ ಇದನ್ನು ಶಿರಾಜಿಯೆಂದೇ ಒಪ್ಪಳೆಂದು ನಗುತ್ತ ಆ ಹುಡುಗನು ಸೌತೆಕಾಯಿ, ದಾಳಿಂಬೆ, ಪುದೀನಗಳಿಂದಲೇ ಅಣಿಮಾಡಿದನು.

ನನ್ನ ಧರ್ಮಪತ್ನಿಯು ಸಚಿತ್ತತ್ಯಾಗ ಪ್ರತಿಮೆಯನ್ನು ಧರಿಸಿ ಆಗ ಏಳು ವರ್ಷ. ಬಟ್ಟಲು ಮುಂದೆ ಬಂದಾಗ, “ಇದು ನನಗೆ ಸಲ್ಲುತ್ತದೆಯೇ? ನೀವು ಓದಿದವರು, ಹೇಳಿರಿ” ಎಂದಳು. ಶಸ್ತ್ರದ ಛೇದನದಿಂದಲೂ ಹುಳಿ ಉಪ್ಪುಗಳ ಬೆರಕೆಯಿಂದಲೂ ಹಸಿಯ ವಸ್ತು ಪ್ರಾಸುಕವಾಗುತ್ತದೆಂಬ ಮಾತು ನಮ್ಮ ಪರಂಪರೆಯಲ್ಲಿದೆ. ಹೆಚ್ಚಿದರೆ ಸಾಲದು, ಕಾಯಿಸಲೇಬೇಕೆನ್ನುವ ಹಿರಿಯರೂ ಇದ್ದಾರೆ. ನಾನು ಮೊದಲನೆಯದನ್ನೇ ಹಿಡಿದು, “ಸಲ್ಲುತ್ತದೆ” ಎಂದೆನು.

“ಹಾಗಾದರೆ ಕೊಯ್ದ ಕೈ ಅವನದು, ಶುದ್ಧವಾದ ಬಾಯಿ ನನ್ನದು. ಇದು ಯಾವ ಲೆಕ್ಕ?” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು ಈ ಮೂರರಲ್ಲಿಯೂ ಹಿಂಸೆಯ ಭಾಗವುಂಟೆಂದು ಶಾಲೆಯ ಮಕ್ಕಳಿಗೆ ನಾನೇ ಹೇಳಿಕೊಟ್ಟವನು.

ಆಮೇಲೆ ಯೋಚಿಸಿದಾಗ, ಉತ್ತರವು ಹನ್ನೊಂದು ಪ್ರತಿಮೆಗಳ ಅನುಕ್ರಮದಲ್ಲಿಯೇ ಇದೆಯೆಂದು ತೋರಿತು. ಐದನೆಯದರಲ್ಲಿ ಸಚಿತ್ತದ ತ್ಯಾಗ. ಅದು ಬಾಯಿಯ ಸಂಯಮ. ಎಂಟನೆಯದರಲ್ಲಿ ಆರಂಭದ ತ್ಯಾಗ. ಅದು ಕೈಯ ಸಂಯಮ. ಹತ್ತನೆಯದರಲ್ಲಿ ಅನುಮತಿಯ ತ್ಯಾಗ. ಅದು ಮನಸ್ಸಿನ ಸಂಯಮ. ಹನ್ನೊಂದನೆಯದರಲ್ಲಿ ತನಗೆಂದೇ ಸಿದ್ಧಪಡಿಸಿದ ಆಹಾರವನ್ನೂ ಬಿಡುವುದು. ಗೃಹಸ್ಥನು ಒಮ್ಮೆಗೇ ಎಲ್ಲವನ್ನೂ ಬಿಡಲಾರನೆಂದು ಅರಿತೇ ಆಚಾರ್ಯರು ಮೆಟ್ಟಿಲುಗಳನ್ನು ಕಟ್ಟಿದರು. ಆದ್ದರಿಂದ ಐದನೆಯ ಮೆಟ್ಟಿಲಿನವರು ಹೆಚ್ಚಿದ್ದನ್ನು ಉಂಡರೆ ವ್ರತಭಂಗವಲ್ಲ. ಆದರೆ ಮೆಟ್ಟಿಲು ಕುಳಿತುಕೊಳ್ಳುವ ಜಗಲಿಯೂ ಅಲ್ಲ. ಸಮಂತಭದ್ರಾಚಾರ್ಯರು ಹಸಿಯ ಫಲ, ಶಾಕಗಳನ್ನು ತಿನ್ನದವನಲ್ಲಿ ಕಂಡದ್ದು ದಯೆಯನ್ನು, ಬಾಯಿಯ ಮಡಿಯನ್ನಲ್ಲ. ಪ್ರಾಸುಕವೆಂಬ ಅನುಮತಿಯು ಹಿಂಸೆಯನ್ನು ಕಡಿಮೆಮಾಡಿದರೆ ಅದು ಧರ್ಮ. ನಾಲಗೆಯ ಚಪಲಕ್ಕೆ ಮರೆಯಾಗಿ ನಿಂತರೆ ಹಿಂಸೆಯ ಹೆಸರಷ್ಟೇ ಬದಲಾಯಿತು.

ಅಂದಿನ ಊಟಕ್ಕೆ ಮರಳುತ್ತೇನೆ. ಬಟ್ಟಲು ಚಿಕ್ಕದಾಯಿತೆಂದು ಆ ಹುಡುಗನು ಇನ್ನೊಂದು ಸೌತೆಕಾಯಿಗೆ ಚಾಕು ಎತ್ತಿದನು. ಬೇಡವೆಂದರೆ ಅತಿಥಿಯ ಮನಸ್ಸು ನೋಯುತ್ತದೆ. ಹೂಂ ಎಂದರೆ ಅವಳ ಮನಸ್ಸು ಒಪ್ಪದು. ಅವಳು ಅವನ ಕೈ ತಡೆದು, “ಎಲ್ಲರಿಗಾಗಿ ಹೆಚ್ಚಿದ್ದರಲ್ಲಿ ನನಗೆ ಎರಡು ಚಮಚ ಸಾಕು, ಮಗು. ನನಗೆಂದು ಇನ್ನೊಂದನ್ನು ಕೊಯ್ಯಬೇಡ” ಎಂದಳು. ಮಗನು ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದನು. ಹುಡುಗನು ಚಾಕು ಕೆಳಗಿಟ್ಟನು. ಆ ಎರಡು ಚಮಚವನ್ನು ಅವಳು ಅನ್ನದೊಡನೆ ಉಂಡು, ಚೆನ್ನಾಗಿದೆಯೆಂದಳು.

ನಾನು ಎರಡು ಬಟ್ಟಲು ಉಂಡೆನು. ನನಗೆ ಆ ಪ್ರತಿಮೆಯಿಲ್ಲ, ಆದ್ದರಿಂದ ನಿಯಮದ ದೃಷ್ಟಿಯಲ್ಲಿ ದೋಷವೇನೂ ಇರಲಿಲ್ಲ. ಆದರೂ ಎರಡನೆಯ ಬಟ್ಟಲನ್ನು ಕೈಗೆತ್ತಿಕೊಂಡಾಗ ನನಗೆ ಹಸಿವು ಇತ್ತೇ ಎಂಬುದನ್ನು ನಾನು ಕೇಳಿಕೊಳ್ಳಲಿಲ್ಲ. ಶ್ರಾವಕ ಬಂಧುಗಳು ತಮ್ಮ ಊಟದ ಮುಂದೆ ಕುಳಿತಾಗ ಆ ಪ್ರಶ್ನೆಯನ್ನಾದರೂ ಕೇಳಿಕೊಳ್ಳಲೆಂದು ಇಷ್ಟನ್ನು ಬರೆದಿದ್ದೇನೆ.